ಕನ್ನಡಕ ತೆಗೆಸಿದ ದಿನ

ಬಂಗ್ಗಾಯ್ ಸಾಯಲು ಸಿದ್ಧಳಾಗಿ ಹನ್ನೊಂದು ವರ್ಷವಾಗಿತ್ತು. ಪುರುಸೊತ್ತಾಗಿರಲಿಲ್ಲ, ಅಷ್ಟೆ.

ಬೇಕಾದ್ದೆಲ್ಲ ಮನೆಯಲ್ಲಿತ್ತು. ಸತ್ತ ಮೇಲೆ ಕೂರಿಸುವ ಕುರ್ಚಿಗೆ ಬೇಕಾದ ಪೈನ್ ಮರ ಅಟ್ಟದಲ್ಲಿ ಒಣಗಿ ಕೂತಿತ್ತು. ಕೊಯ್ಯುವ ಹಂದಿ ಮಾತ್ರ ಪ್ರತಿವರ್ಷ ಬದಲಾಗುತ್ತಿತ್ತು. ಹಿಂದಿನ ವರ್ಷದ್ದು ಕಾದು ಕಾದು ಯಾರದೋ ಮದುವೆಗೆ ಹೋಗಿರುತ್ತಿತ್ತು. ಇನ್ನು ಹೊದಿಕೆ. ಅದು ಪೆಟ್ಟಿಗೆಯ ತಳದಲ್ಲಿ, ತಂಬಾಕಿನ ಎಲೆಗಳ ನಡುವೆ. ಕೊಯ್ಲು ಮುಗಿದ ಮೇಲೆ ಒಂದು ದಿನ ಅದನ್ನು ಬಿಸಿಲಿಗೆ ಹರಡಿ, ಪಕ್ಕದಲ್ಲಿ ಕೋಲು ಹಿಡಿದು ಕೂತು ಕೋಳಿ ಓಡಿಸುವಳು. ದಾರಿಯಲ್ಲಿ ಹೋಗುವವರು, "ಇನ್ನೂ ಇದ್ದೀಯಾ ಅಜ್ಜಿ?" ಅಂದರೆ, "ನೀನು ಮುಂದೆ ನಡೀ ಮಗಾ, ಹಿಂದೇನೇ ಬರ್ತೀನಿ" ಅನ್ನುವಳು.

ಬಿಳಿಯ ಬಟ್ಟೆ, ಅಂಚಿಗೆ ಕಡುನೀಲಿಯ ಅಗಲ ಪಟ್ಟೆಗಳು, ಪಟ್ಟೆಯೊಳಗೆ ಒರಳು, ಹಾವು, ಕೈಯೆತ್ತಿ ನಿಂತ ಮನುಷ್ಯರ ಸಾಲು. ಅದನ್ನು ನೇಯ್ದವಳು ಮಗಳು ಸಾಬೀನಾ. ಸೊಂಟದ ಮಗ್ಗದಲ್ಲಿ. ಆ ಮಗ್ಗದ ಒಂದು ತುದಿ ಮನೆಯ ಕಂಬಕ್ಕೆ, ಇನ್ನೊಂದು ತುದಿ ನೇಯುವವಳ ಸೊಂಟಕ್ಕೆ. ಹಿಂದಕ್ಕೆ ಬಾಗಿದರೆ ನೂಲು ಬಿಗಿಯುತ್ತದೆ, ಮುಂದಕ್ಕೆ ಬಾಗಿದರೆ ಸಡಿಲ. ಉಸಿರು ಬಿಟ್ಟರೂ ಬಟ್ಟೆಗೆ ಗೊತ್ತಾಗುತ್ತದೆ. ನಾಲ್ಕು ತಿಂಗಳು ಸಾಬೀನಾ ತಾಯಿಯ ಸಾವನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಕೂತಿದ್ದಳು. ಕಾಲು ಜೋಮು ಹಿಡಿಯುತ್ತಿತ್ತು. ಬೆನ್ನಿನ ಕೆಳಗೆ ಪಟ್ಟಿ ಉಜ್ಜಿ ಉಜ್ಜಿ ಚರ್ಮ ಕಪ್ಪಗಾಗಿತ್ತು, ಈಗಲೂ ಹಾಗೇ ಇದೆ. ತಾಯಿ ಎದುರಿಗೆ ಕೂತು ಗೆಣಸು ಸುಲಿಯುತ್ತ ತಪ್ಪು ಹುಡುಕುತ್ತಿದ್ದಳು.

"ಆ ಮೂಲೆಯವನ ಕಾಲು ಗಿಡ್ಡ ಆಯ್ತಲ್ಲೇ. ಅವನ ಜೊತೆ ನಾನು ಅಷ್ಟು ದೂರ ಹೆಂಗೆ ನಡೀಲಿ? ಬಿಚ್ಚು."

ಬಿಚ್ಚಿ ಮತ್ತೆ ನೇಯ್ದಳು. ಬಿಚ್ಚಿದ ಕಡೆ ಒಂದು ಸಣ್ಣ ಗಂಟು ಉಳಿಯಿತು. ಕಣ್ಣಿಗೆ ಕಾಣದು, ಬೆರಳಿಗೆ ಸಿಕ್ಕುತ್ತದೆ.

ಹೀಗಿರುವಾಗ ಲೊರೇನ್ ಮೇಡಂ ಜೀಪಿನಲ್ಲಿ ಬಂದಳು. ಪಟ್ಟಣದ ಕಚೇರಿಯಲ್ಲಿ ಪ್ರವಾಸದ ವಿಭಾಗ ನೋಡಿಕೊಳ್ಳುವವಳು, ಬಯಲುಸೀಮೆಯ ಹುಡುಗಿ. ಚುರುಕು, ನಗುಮುಖ, ಎಲ್ಲ ಮನೆಯಲ್ಲೂ ಕಾಫಿ ಕುಡಿಯುವವಳು. ಬೆಟ್ಟದ ಪರಂಪರೆಯ ಉತ್ಸವ ಬರುತ್ತಿದೆ, ಹಳೆಯ ನೇಯ್ಗೆಯ ಪ್ರದರ್ಶನ ಇಡುತ್ತೇವೆ, ಗಾಜಿನ ಪೆಟ್ಟಿಗೆಯೊಳಗೆ, ಹೆಸರು ಬರೆದು, ಎಂದಳು. ಸಾಬೀನಾಗೆ ಮನಸ್ಸಿರಲಿಲ್ಲ. ಆದರೆ ಬಂಗ್ಗಾಯ್‌ಗೆ ಖುಷಿಯಾಯಿತು. ಹೇಗೂ ಕೊನೆಗೆ ನನ್ನ ಹೆಣದ ಜೊತೆ ಬೆಟ್ಟದ ಕಲ್ಲಿನ ಸಂದಿಗೆ ಸೇರುವ ಬಟ್ಟೆ, ಒಂದು ಸಲ ಊರು ನೋಡಿಕೊಂಡು ಬರಲಿ ಎಂದಳು.

ಕೊಡುವಾಗ ಸಾಬೀನಾ ಬಿಡಿಸಿ ಹೇಳಿದಳು. ಇದು ಸತ್ತವರಿಗೆ ಮಾತ್ರ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಮನೆಯ ಮುಂದೆ ಎತ್ತರದ ಕುರ್ಚಿಯಲ್ಲಿ ಕೂರಿಸುತ್ತೇವೆ, ಭುಜಕ್ಕೆ ಇದನ್ನು ಹೊದಿಸುತ್ತೇವೆ, ಎಲ್ಲರೂ ಬಂದು ಮಾತಾಡಿಸುತ್ತಾರೆ. ಬದುಕಿರುವವರ ಮೈಮೇಲೆ ಹಾಕುವ ಹಾಗಿಲ್ಲ. ಅಳತೆ ನೋಡಲಿಕ್ಕೂ ಹಾಕುವ ಹಾಗಿಲ್ಲ. ಲೊರೇನ್ ಮೇಡಂ ತಲೆಯಾಡಿಸುತ್ತ ಪುಸ್ತಕದಲ್ಲಿ ಬರೆದುಕೊಂಡಳು. ಬರೆದುಕೊಂಡಳಲ್ಲ ಎಂದು ಸಾಬೀನಾಗೆ ಸಮಾಧಾನವಾಯಿತು.

ಉತ್ಸವದ ದಿನ ಬೆಳಿಗ್ಗೆ ಆರಕ್ಕೇ ಮೂವತ್ತು ಹೆಂಗಸರನ್ನು ಟ್ರಕ್ಕಿನಲ್ಲಿ ತುಂಬಿ ತಂದರು. ಮಗಳು ಬೇಡವೆಂದರೂ ಬಂಗ್ಗಾಯ್ ಹತ್ತಿದಳು. ತನ್ನ ಹೊದಿಕೆ ಗಾಜಿನೊಳಗೆ ಹೇಗೆ ಕಾಣುತ್ತದೆ ನೋಡಬೇಕಿತ್ತು. ವಯಸ್ಸು ಎಂಬತ್ತೊಂಬತ್ತು. ಟ್ರಕ್ಕಿಗೆ ಅವಳನ್ನು ಇಬ್ಬರು ಮೂಟೆಯ ಹಾಗೆ ಎತ್ತಿಟ್ಟರು. ಮೇಲೆ ಕೂತು, "ಹಂದಿ ಏರಿತು, ಇನ್ನು ಹೊರಡಲಿ" ಅಂದಳು.

ಮೈದಾನದಲ್ಲಿ ತಪಾಸಣೆ ನಡೆಯಿತು. ಚಪ್ಪಲಿ ತೆಗೆಯಿರಿ. ಕೈಗಡಿಯಾರ ತೆಗೆಯಿರಿ. ಸ್ವೆಟರ್ ತೆಗೆಯಿರಿ. ಬೆಟ್ಟದ ಮೇಲೆ ಇನ್ನೂ ಮಂಜು ಕೂತಿತ್ತು, ನೆಲ ಐಸಿನ ಹಾಗಿತ್ತು. ಪಟ್ಟೆಯ ಸುತ್ತುಬಟ್ಟೆಯ ಮೇಲೆ ತೆಳುವಾದ ಕುಪ್ಪಸ, ಅಷ್ಟೇ ಇರಬೇಕು. ಫೋಟೋದಲ್ಲಿ ಅಸಲಿಯಾಗಿ ಕಾಣಬೇಕು. ಲೊರೇನ್ ಮೇಡಂ ಸಾಲಿನ ಉದ್ದಕ್ಕೂ ಬಂದು ಬಂಗ್ಗಾಯ್ ಮುಂದೆ ನಿಂತಳು. ಎರಡೂ ಕೈಯಿಂದ, ಬಹಳ ಮೆತ್ತಗೆ, ಮುದುಕಿಯ ಕನ್ನಡಕ ಕಳಚಿದಳು.

"ನಿಮ್ಮ ಕಾಲದಲ್ಲಿ ಇದು ಇರಲಿಲ್ಲವಲ್ಲ ಅಜ್ಜಿ."

"ನನ್ನ ಕಾಲ ಇನ್ನೂ ಮುಗಿದಿಲ್ಲ ಕಣಮ್ಮ" ಎಂದಳು ಬಂಗ್ಗಾಯ್. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕಳು. ಕನ್ನಡಕವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಚಪ್ಪಲಿಗಳ ಜೊತೆ ತೆಗೆದುಕೊಂಡು ಹೋದಳು.

ಸಾಬೀನಾ ನಗಲಿಲ್ಲ. ಕನ್ನಡಕವಿಲ್ಲದೆ ಅವ್ವನಿಗೆ ದೂರದ್ದು ಬಣ್ಣ, ಆಕಾರ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದಳು. "ಆಯ್ತು ಮೇಡಂ" ಎಂಬುದು ಹೊರಬಂತು. ಆ ಎರಡು ಮಾತು ಅವಳ ಬಾಯಲ್ಲಿ ಬಹಳ ದಿನದಿಂದ ವಾಸವಾಗಿದ್ದವು. ಹದಿನಾರನೇ ವಯಸ್ಸಿಗೆ ಬಾಗಿಯೋ ಪಟ್ಟಣದಲ್ಲಿ ಮನೆಗೆಲಸಕ್ಕೆ ನಿಂತಿದ್ದಳು. ಎಂಟು ವರ್ಷ ಇನ್ನೊಬ್ಬರ ಒಳಬಟ್ಟೆ ಒಗೆದಳು. ಆ ಮನೆಯ ಚಿಕ್ಕ ಮಗಳು ಒಂದು ದಿನ, ನಿಮ್ಮ ಕಡೆಯವರಿಗೆ ಬಾಲ ಇರುತ್ತದಂತೆ, ತೋರಿಸು ಎಂದಿತ್ತು. ಮಗುವಿನ ತಾಯಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಆಗಲೂ ಸಾಬೀನಾ ನಕ್ಕು, ಬೆಟ್ಟದಲ್ಲೇ ಬಿಟ್ಟು ಬಂದೆ ಅಂದಿದ್ದಳು. ಊರಿಗೆ ಮರಳಿ ಬಂದ ಮೇಲೆ ಹೊರಗಿನವರು ಬಂದಾಗಲೆಲ್ಲ ಅವಳೇ ಮಾತಾಡಬೇಕು. ಅವರದನ್ನು ಇವರಿಗೆ ಹೇಳುವುದು, ಇವರ ಪರವಾಗಿ ಅವರ ಕ್ಷಮೆ ಕೇಳುವುದು. ಐವತ್ತೆರಡು ವರ್ಷಕ್ಕೆ ಅವಳಿಗೆ ತನ್ನ ದನಿ ಒಂದು ಕಾಲೊರಸು ಅನ್ನಿಸಿಬಿಟ್ಟಿತ್ತು.

ವೇದಿಕೆಯ ಮುಂದೆ ನಾಲ್ಕು ಒರಳು ಇಟ್ಟಿದ್ದರು. ಭತ್ತ ಕುಟ್ಟುವುದನ್ನು ತೋರಿಸಬೇಕು. ಒರಳಲ್ಲಿ ಭತ್ತವಿರಲಿಲ್ಲ. ಸಿಡಿದರೆ ಕೆಂಪು ಹಾಸು ಗಲೀಜಾಗುತ್ತದೆ.

"ಏನು ಕುಟ್ಟೋದು?" ಎಂದು ಪಕ್ಕದ ಮನೆಯ ದಗಾಯ್ ಕೇಳಿದಳು.

"ಕುಟ್ಟಿದ ಹಾಗೆ ಮಾಡೋದು" ಎಂದಳು ಸಾಬೀನಾ.

"ತಿಂದ ಹಾಗೆ ಮಾಡೋದು ಯಾವಾಗ?"

ಅದಕ್ಕೂ ಉತ್ತರವಿತ್ತು. ಊಟ ಅತಿಥಿಗಳದ್ದಾದ ಮೇಲೆ. ಖಾಲಿ ಒರಳಿಗೆ ಒನಕೆ ಹಾಕಿದರೆ ಪೆಟ್ಟು ಕಲ್ಲಿಗೆ ಬಿದ್ದು ಹಿಂದಕ್ಕೆ ಬರುತ್ತದೆ. ಮೊಣಕೈಗೆ, ಭುಜಕ್ಕೆ, ಹಲ್ಲಿನವರೆಗೆ. ಭತ್ತವಿದ್ದರೆ ಅದು ಪೆಟ್ಟನ್ನು ಕುಡಿಯುತ್ತದೆ. ಮೂರು ಗಂಟೆ ಹೆಂಗಸರು ಕಲ್ಲನ್ನು ಕುಟ್ಟಿದರು. ಮುದುಕಿಯರಿಗೆ ಕೂರಲು ಒಂದು ಬೆಂಚು ಇರಲಿಲ್ಲ. ಸಾಲು ಹಾಳಾಗುತ್ತದೆಂದು ನೆಲದ ಮೇಲೂ ಕೂರಲು ಬಿಡಲಿಲ್ಲ.

ದೊಡ್ಡ ಅತಿಥಿ ಹತ್ತೂವರೆಗೆ ಬಂದ. ರಾಜಧಾನಿ ಮನಿಲಾದ ಅಧಿಕಾರಿ, ಹೆಸರು ಕ್ಲೆಮೆಂಟೆ ಸಾಹೇಬ. ರಾತ್ರಿಯಿಡೀ ಬೆಟ್ಟದ ತಿರುವು ಸುತ್ತಿ ಬಂದಿದ್ದ. ಮುಖ ಸುಣ್ಣದ ಹಾಗಿತ್ತು. ವೇದಿಕೆಯ ನಡುವೆ ಎತ್ತರದ ಬೆನ್ನಿನ ಮರದ ಕುರ್ಚಿ. ಅದರಲ್ಲಿ ಅವನನ್ನು ಕೂರಿಸಿದರು. ಲೊರೇನ್ ಮೇಡಂ ತಟ್ಟೆಯ ಮೇಲಿಂದ ಒಂದು ಬಟ್ಟೆ ಎತ್ತಿ, ಬಿಡಿಸಿ, ಅವನ ಎರಡೂ ಭುಜಕ್ಕೆ ಹೊದಿಸಿದಳು. ಬಿಳಿ, ಅಂಚಿಗೆ ನೀಲಿ.

ಒನಕೆಗಳು ನಿಂತವು. ಒಂದಾದ ಮೇಲೆ ಒಂದು.

ಸಾಬೀನಾ ಬರಿಗಾಲಲ್ಲಿ ವೇದಿಕೆಯ ಹಿಂದಕ್ಕೆ ಓಡಿದಳು. ಮೇಡಂ ಅಲ್ಲಿ ಯಾರಿಗೋ ಹೂಗುಚ್ಛ ಕೊಡುತ್ತಿದ್ದಳು. ಸಾಬೀನಾ ತಗ್ಗಿದ ದನಿಯಲ್ಲಿ, ಅದನ್ನು ತೆಗೆಯಿರಿ, ನಾನು ಅವತ್ತೇ ಹೇಳಿದ್ದೆ ಎಂದಳು. ಗಾಜಿನ ಪೆಟ್ಟಿಗೆ ಬರಲೇ ಇಲ್ಲ, ಕಳಿಸುವವರು ಕೈಕೊಟ್ಟರು, ಇಷ್ಟು ಚೆಂದದ ಬಟ್ಟೆ ಸುಮ್ಮನೆ ಮಡಚಿಡುವುದೇ ಎಂದಳು ಮೇಡಂ.

"ಅದು ಹೆಣಕ್ಕೆ ಹೊದಿಸೋದು ಮೇಡಂ."

"ಎರಡು ಗಂಟೆ ಅಷ್ಟೇ ಸಾಬೀನಾ. ಯಾರಿಗೆ ಗೊತ್ತಾಗುತ್ತೆ?"

"ಎಲ್ಲರಿಗೂ ಗೊತ್ತು."

"ನಿಮ್ಮವರಿಗೆ ಗೊತ್ತು. ನಾನು ಹೇಳಿದ್ದು ಜನರಿಗೆ" ಎಂದಳು ಮೇಡಂ. ಹೇಳಿ ಸಾಬೀನಾಳ ತಲೆಯ ಮಣಿಸರ ಓರೆಯಾಗಿದ್ದದ್ದನ್ನು ನೆಟ್ಟಗೆ ಮಾಡಿದಳು. "ಹೋಗಿ ನಿಂತ್ಕೊಳ್ಳಿ. ಸ್ವಲ್ಪ ನಗ್ತಾ ಇರಿ."

ಸಾಬೀನಾ ಹೋಗಿ ನಿಂತಳು. ನಗಲಿಲ್ಲ. 'ಜನರಿಗೆ' ಎಂಬ ಮಾತು ಒನಕೆಯ ಪೆಟ್ಟಿನ ಹಾಗೆ ಕಲ್ಲಿಗೆ ಬಿದ್ದು ಹಲ್ಲಿನವರೆಗೆ ಬಂತು.

ಭಾಷಣ ಶುರುವಾಯಿತು. ಒಬ್ಬರಾದ ಮೇಲೆ ಒಬ್ಬರು ಬೆಟ್ಟದವರ ಪರಂಪರೆಯನ್ನು ಹೊಗಳಿದರು. ಮಂಜು ಸರಿದು ಬಿಸಿಲೇರಿತು. ಕ್ಲೆಮೆಂಟೆ ಸಾಹೇಬನಿಗೆ ಬೆಚ್ಚಗಾಯಿತು. ಹೊದಿಕೆಯೊಳಗೆ ಕುಗ್ಗಿದ, ಕೈಗಳು ಕುರ್ಚಿಯ ತೋಳಿನ ಮೇಲೆ ಜೋತುಬಿದ್ದವು, ತಲೆ ಒಂದು ಕಡೆಗೆ ವಾಲಿತು, ಬಾಯಿ ಅರ್ಧ ತೆರೆಯಿತು. ಅವನ ಕಣ್ಣಿಗೆ ಕಪ್ಪು ಕನ್ನಡಕವಿತ್ತು. ಅದನ್ನು ಯಾರೂ ತೆಗೆಸಿರಲಿಲ್ಲ.

ಬಂಗ್ಗಾಯ್ ಮಗಳ ತೋಳು ಹಿಡಿದಳು.

"ಯಾರೇ ಅದು, ಹೋದೋರು?"

ಸಾಬೀನಾ ತಾಯಿಯ ಮುಖ ನೋಡಿದಳು. ಮುದುಕಿ ಕಣ್ಣು ಕಿರಿದು ಮಾಡಿ ವೇದಿಕೆಯ ಕಡೆ ನೋಡುತ್ತಿದ್ದಳು. ಎತ್ತರದ ಕುರ್ಚಿ, ಬಿಳಿ ನೀಲಿ ಪಟ್ಟೆ, ವಾಲಿದ ತಲೆ. ಅವಳಿಗೆ ಕಂಡದ್ದು ಅಷ್ಟೇ. ಅಷ್ಟಕ್ಕೆ ಅವಳ ಜೀವಮಾನದಲ್ಲಿ ಇದ್ದದ್ದು ಒಂದೇ ಅರ್ಥ.

"ಪಾಪ, ಯಾರೂ ಅಳ್ತಾ ಇಲ್ವಲ್ಲೇ" ಎಂದಳು ಬಂಗ್ಗಾಯ್. "ಮೈಕಿನಲ್ಲಿ ಮಾತಾಡ್ತಾ ಇದಾರೆ. ಹೆಣದ ಮುಂದೆ ಇಂಥಾ ಮಾತಾ? ಪರವೂರಿನವನಾ? ತನ್ನೋರು ಯಾರೂ ಇಲ್ವಾ?"

ಒಂದೇ ಮಾತು ಸಾಕಾಗಿತ್ತು. ಬದುಕಿದ್ದಾನೆ ಕಣವ್ವ, ನಿದ್ದೆ ಮಾಡ್ತಿದ್ದಾನೆ. ಇಂಥ ಮಾತು ಹೇಳುವುದೇ ಸಾಬೀನಾಳ ಕೆಲಸ. ಎಲ್ಲರ ತಪ್ಪನ್ನೂ ಸಮಯಕ್ಕೆ ಸರಿಯಾಗಿ ಮುಚ್ಚುವವಳು ಅವಳು. ಮಾತು ನಾಲಿಗೆಯವರೆಗೆ ಬಂತು. ಅಲ್ಲಿಂದ ಅವಳು ಅದನ್ನು ನುಂಗಿದಳು. ಬಿಸಿ ಗೆಣಸು ನುಂಗಿದ ಹಾಗಾಯಿತು. ಎದೆಯಲ್ಲಿ ಇಳಿಯುವುದು ಗೊತ್ತಾಯಿತು.

"ನನಗೂ ಗೊತ್ತಿಲ್ಲವ್ವ" ಎಂದಳು.

"ಹಂಗಾದ್ರೆ ಹಿಡ್ಕೊ ನನ್ನ ಕೈ. ಒಬ್ಬನೇ ಹೋಗಬಾರದು ಯಾರೂ."

ಇಬ್ಬರೂ ಸಾಲು ಬಿಟ್ಟು ನಡೆದರು. ಕಾವಲಿನವನು ಅಡ್ಡ ಬಂದ. ಬೆಟ್ಟದವನೇ, ಕೆಳಗಿನ ಹಳ್ಳಿಯವನು. ಬಂಗ್ಗಾಯ್ ಮುಖ ನೋಡಿದ, ಕುರ್ಚಿ ನೋಡಿದ, ಟೋಪಿ ತೆಗೆದು ಪಕ್ಕಕ್ಕೆ ಸರಿದ. ವೇದಿಕೆಯ ನಾಲ್ಕು ಮೆಟ್ಟಿಲು ಹತ್ತಿ ಮುದುಕಿ ಕುರ್ಚಿಯ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತಳು. ಬೆಳಗಿನಿಂದ ಮೊದಲ ಸಲ ಕೂತದ್ದು. ಒಮ್ಮೆ ಮಂಡಿ ನೀವಿಕೊಂಡು ದನಿ ಎತ್ತಿದಳು.

"ಏ ಕೂತವನೇ, ಯಾವ ಮನೆಯ ಮಗನೋ ನೀನು. ಹೊಟ್ಟೆ ತುಂಬ ಉಂಡವನ ಹಾಗಿದ್ದೀಯ, ಒಳ್ಳೆ ಬೂಟು ಹಾಕಿದ್ದೀಯ. ನಿನ್ನ ಹೆಂಡತಿ ಎಲ್ಲಿ, ಮಕ್ಕಳೆಲ್ಲಿ. ನಿನಗಾಗಿ ಕೊಯ್ದ ಹಂದಿ ಎಲ್ಲಿ. ಬಿಸಿಲಲ್ಲಿ ಕೂರಿಸಿ ಬಿಟ್ಟಿದ್ದಾರಲ್ಲೋ ನಿನ್ನ, ನೊಣ ಓಡಿಸೋಕೂ ಗತಿಯಿಲ್ಲ."

ಕೈಯಾಡಿಸಿ ನೊಣ ಓಡಿಸಿದಳು. ಭಾಷಣ ಮಾಡುತ್ತಿದ್ದವನು ಒಂದು ವಾಕ್ಯದ ನಡುವೆ ನಿಂತ. ಹೊರಗಿನವರು ಇದೂ ಕಾರ್ಯಕ್ರಮವೆಂದುಕೊಂಡು ಫೋನು ಎತ್ತಿದರು. ಮೈದಾನದ ಅಂಚಿನಲ್ಲಿ ಕುಣಿತಕ್ಕೆ ಸಿದ್ಧರಾಗಿದ್ದ ಗಂಡಸರು ಜಾಗಟೆಗಳನ್ನು ನೆಲಕ್ಕೆ ಮಗುಚಿದರು. ಸಾವಿನ ಮನೆಯ ಮುಂದೆ ಅವರು ಜಾಗಟೆ ಬಾರಿಸುವುದಿಲ್ಲ.

ಮುದುಕಿ ಸಮಾಧಾನ ಮಾಡುವಂತೆ ಹೊದಿಕೆಯ ಅಂಚು ಹಿಡಿದು ಸವರಿದಳು. ಮೂಲೆಯಲ್ಲಿ ಅವಳ ಬೆರಳು ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಬಂತು. ಆಮೇಲೆ ದನಿ ಮೊದಲಿಗಿಂತ ಗಟ್ಟಿಯಾಗಿ ಎದ್ದಿತು.

"ಹೋಗ್ತಾ ಇದ್ದೀಯಲ್ಲ ಮಗಾ, ಅಲ್ಲಿ ನಮ್ಮ ಹಿರಿಯರು ಇದಾರೆ. ಅವರಿಗೆ ನಮ್ಮ ಸುದ್ದಿ ಮುಟ್ಟಿಸು. ಹೇಳೇ ಸಾಬೀನಾ, ಏನು ಸುದ್ದಿ ಕಳಿಸೋದು?"

ಸತ್ತವರ ಕೈಲಿ ಹಿರಿಯರಿಗೆ ಹೇಳಿ ಕಳಿಸುವುದು ಊರಿನ ಪದ್ಧತಿ. ಒಬ್ಬಳು ಕೇಳಬೇಕು, ಒಬ್ಬಳು ಹೇಳಬೇಕು. ಸಾಬೀನಾ ತಾಯಿಯ ಪಕ್ಕ ಕೂತಳು. ಅವಳ ದನಿ ಮೊದಲು ಒಡೆಯಿತು, ಆಮೇಲೆ ಕೂಡಿಕೊಂಡಿತು. ಅಳುವ ರಾಗದಲ್ಲೇ ಹೇಳಿದಳು. ಇವತ್ತು ನಮ್ಮ ಹಬ್ಬವಂತೆ, ಕೂತವನೇ, ನಮಗೆ ಗೊತ್ತಿರಲಿಲ್ಲ. ನಮ್ಮ ಚಪ್ಪಲಿ ತೆಗೆಸಿದರು. ಚಳಿಯಲ್ಲಿ ಸ್ವೆಟರ್ ತೆಗೆಸಿದರು. ಅವ್ವನ ಕಣ್ಣು ತೆಗೆದು ಚೀಲಕ್ಕೆ ಹಾಕಿದರು. ನಾವು ಮೂರು ಗಂಟೆ ಖಾಲಿ ಒರಳು ಕುಟ್ಟಿದೆವು. ನಮ್ಮನ್ನು ಬಿಟ್ಟು ಮಿಕ್ಕವರು ಮಾತ್ರ ಜನ ಅಂತೆ. ಇದನ್ನೆಲ್ಲ ಅಲ್ಲಿ ಹೇಳು. ನಮ್ಮ ಅಜ್ಜಿ ಕೇಳಿದರೆ, ಒರಳಲ್ಲಿ ಏನೂ ಇರಲಿಲ್ಲ ಅಂತ ಹೇಳು. ಅವಳು ನಂಬೋದಿಲ್ಲ. ಆಣೆ ಮಾಡಿ ಹೇಳು.

ಅವಳಿಗೆ ಅಳು ನಿಜಕ್ಕೂ ಬಂತು. ಅದು ಅವಳು ಅಂದುಕೊಂಡಿರದ ಸಂಗತಿ. ಬಾಗಿಯೋದ ಮನೆಯ ಆ ಮಗುವಿಗೆ, ಬಾಗಿಲಲ್ಲಿ ನಗುತ್ತಿದ್ದ ಅದರ ತಾಯಿಗೆ ಕೊಡಬೇಕಾಗಿದ್ದ ಉತ್ತರವೂ ಅದರೊಳಗೆ ಸೇರಿಕೊಂಡು ಬಂತು. ದಗಾಯ್ ಒನಕೆ ಕೆಳಗಿಟ್ಟು ಬಂದಳು. ಉಳಿದವರೂ ಬಂದರು. ಮೂವತ್ತು ಹೆಂಗಸರು ಕೆಂಪು ಹಾಸಿನ ಮೇಲೆ ಕೂತು, ಒಬ್ಬಳು ಬಿಟ್ಟಲ್ಲಿ ಇನ್ನೊಬ್ಬಳು ಹಿಡಿದು, ತಮ್ಮ ತಮ್ಮ ಸುದ್ದಿ ಕಳಿಸತೊಡಗಿದರು. ರಸ್ತೆ ಅರ್ಧಕ್ಕೆ ನಿಂತದ್ದು, ಆಸ್ಪತ್ರೆಯಲ್ಲಿ ದಾದಿ ಇಲ್ಲದ್ದು, ದಗಾಯ್‌ಳ ಮೈದುನ ಕುಡಿದು ಎಮ್ಮೆ ಕಳೆದದ್ದು. ಅದನ್ನು ಕಳಿಸಬೇಕಾಗಿರಲಿಲ್ಲ. ಆದರೆ ಇಷ್ಟು ಒಳ್ಳೆಯ ಅವಕಾಶ ಮತ್ತೆ ಸಿಕ್ಕುವುದಿಲ್ಲ.

ಅಳುವಿನ ಗದ್ದಲಕ್ಕೆ ಕ್ಲೆಮೆಂಟೆ ಸಾಹೇಬನಿಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ ಸುತ್ತ ಅಳುವ ಹೆಂಗಸರು. ಒಬ್ಬ ಮುದುಕಿ ಅವನ ಮಂಡಿ ತಟ್ಟುತ್ತಿದ್ದಳು. ಅವನು ಕಾವಲಿನವನನ್ನು ಕರೆದು ಇದೇನೆಂದು ಕೇಳಿದ. ಕಾವಲಿನವನು ಬಗ್ಗಿ, ಟೋಪಿ ಎದೆಗೊತ್ತಿಕೊಂಡು, ಕಿವಿಯಲ್ಲಿ ಹೇಳಿದ.

ಸಾಹೇಬ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಅವಸರ ಮಾಡಬೇಡ ಮಗಾ, ಕೂತ್ಕೊ" ಎಂದಳು ಬಂಗ್ಗಾಯ್. "ಇನ್ನೂ ಅರ್ಧ ಊರಿನ ಸುದ್ದಿ ಬಾಕಿ ಇದೆ."

ಮೈದಾನದ ಅಂಚಿನಲ್ಲಿ ಯಾವನೋ ಒಬ್ಬ ನಕ್ಕ. ಆಮೇಲೆ ತಡೆಯಲು ಯಾರಿಂದಲೂ ಆಗಲಿಲ್ಲ. ಬೆಟ್ಟಕ್ಕೆ ತಾಗಿ ನಗು ಎರಡು ಸಲ ಕೇಳಿಸಿತು. ಲೊರೇನ್ ಮೇಡಂ ಓಡಿ ಬಂದು, ತಾನೇ ಚೀಲ ಹರಿದು, ಮುದುಕಿಗೆ ಕನ್ನಡಕ ಹಾಕಿದಳು. ಬಂಗ್ಗಾಯ್ ಸಾಹೇಬನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬದುಕಿದ್ದಾನೆ ಎಂದು ಒಪ್ಪಿಕೊಂಡಳು. ಬಿದ್ದ ಹೊದಿಕೆಯನ್ನು ಎತ್ತಿ, ಪದ್ಧತಿಯಂತೆ ಮೂರು ಮಡಿಕೆ ಮಾಡಿ, ಎರಡೂ ಕೈಯಿಂದ ಅವನ ಮುಂದೆ ಹಿಡಿದಳು. ಸಾಬೀನಾ ತಡೆದು, ಅದು ನಿನ್ನದಲ್ಲವೇ ಅವ್ವ, ಮನೆಗೆ ಒಯ್ಯೋಣ ಎಂದಳು.

"ನನ್ನದಾಗಿತ್ತು. ಇವನ ಮೇಲೆ ಹಾಕಿ ಅತ್ತಾಯ್ತಲ್ಲ. ಇನ್ನು ಇವನದೇ. ತಗೋ ಮಗಾ, ಜೋಪಾನ. ಬೇಕಾದಾಗ ಇರಲಿ."

ಸಾಹೇಬ ತೆಗೆದುಕೊಳ್ಳಲಿಲ್ಲ. ಊಟಕ್ಕೂ ನಿಲ್ಲಲಿಲ್ಲ. ಕಾರು ಹೋದ ಮೇಲೆ ಹೆಂಗಸರು ಚಪ್ಪಲಿ ಹುಡುಕಿ ಹಾಕಿಕೊಂಡು, ಅತಿಥಿಗಳ ಚಪ್ಪರಕ್ಕೆ ಹೋಗಿ, ಅತಿಥಿಗಳ ಕುರ್ಚಿಯಲ್ಲಿ ಕೂತು, ಹೊಗೆ ಹಾಕಿದ ಹಂದಿಮಾಂಸ ಮತ್ತು ಅನ್ನ ಉಂಡರು. ಸಾವಿನ ಮನೆಯಲ್ಲಿ ಅತ್ತವರಿಗೆ ಮೊದಲ ಊಟ. ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಹೊದಿಕೆ ಮಾತ್ರ ವೇದಿಕೆಯ ಮೇಲೆಯೇ ಉಳಿಯಿತು. ಮೂರು ದಿನ ಪಟ್ಟಣದಲ್ಲಿ ಒಬ್ಬನೂ ಅದನ್ನು ಮುಟ್ಟಲಿಲ್ಲ. ಕೊನೆಗೆ ಮೇಡಂ ತಾನೇ ಎತ್ತಿ ಕಚೇರಿಯ ಬೀರುವಿನಲ್ಲಿಟ್ಟಳಂತೆ. ಆ ಬೀರುವಿನ ಪಕ್ಕದ ಮೇಜಿನಲ್ಲಿ ಈಗ ಯಾರೂ ಕೂರುವುದಿಲ್ಲವಂತೆ.

ಆ ಸಂಜೆ ಟ್ರಕ್ಕಿನಲ್ಲಿ ಸಾಬೀನಾ ತಾಯಿಯ ಕಿವಿಯ ಬಳಿ ಕೇಳಿದಳು. "ಗಂಟು ಬೆರಳಿಗೆ ಸಿಕ್ಕಿದಾಗ ನಿನಗೆ ಗೊತ್ತಾಯ್ತಲ್ಲವಾ?"

"ಕನ್ನಡಕ ಇರಲಿಲ್ಲ" ಎಂದಳು ಬಂಗ್ಗಾಯ್. ದಾರಿಯುದ್ದಕ್ಕೂ ಹೊರಗೆ ನೋಡುತ್ತ ಕೂತಳು.

ಮರುವಾರ ಸಾಬೀನಾ ಕಂಬಕ್ಕೆ ಹೊಸ ನೂಲಿನ ಹಾಸು ಕಟ್ಟಿದಳು. ಸೊಂಟಕ್ಕೆ ಪಟ್ಟಿ ಬಿಗಿದು ಕಾಲು ಚಾಚಿ ಕೂತಳು. ಹಳೆಯ ಕಪ್ಪು ಗೆರೆಯ ಮೇಲೆಯೇ ಪಟ್ಟಿ ಸರಿಯಾಗಿ ಕೂತಿತು. ತಾಯಿ ಎದುರಿಗೆ ಗೆಣಸು ಹಿಡಿದು ಕೂತಳು.

"ನಿಧಾನ ನೇಯಿ. ನನಗೇನೂ ಅವಸರವಿಲ್ಲ. ಈ ಸಲ ಕಾಲು ಉದ್ದ ಇರಲಿ."

ಎರಡು ತಿಂಗಳಾದ ಮೇಲೆ ಲೊರೇನ್ ಮೇಡಂ ಬಂದಳು. ಜೀಪನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದಳು. ಕಾಫಿ ಕೇಳಲಿಲ್ಲ. ಕೈಯಲ್ಲೊಂದು ಕಾಗದವಿತ್ತು. ಅದು ಮನಿಲಾದ್ದು, ಕ್ಲೆಮೆಂಟೆ ಸಾಹೇಬನ ಕಚೇರಿಯದ್ದು. ಅವನ ಮೇಲಿನವರು ಫೋಟೋ ನೋಡಿದ್ದಾರೆ, ವಿನ್ಯಾಸ ಬಹಳ ಹಿಡಿಸಿದೆ, ಅವರ ಸಭೆಯ ಕೋಣೆಯ ಹನ್ನೆರಡು ಕುರ್ಚಿಗೆ ಹನ್ನೆರಡು ಹೊದಿಕೆ ಬೇಕಂತೆ. ನಾನು ಬೇಡವೆಂದು ಬರೆದೆ, ಅವರಿಗೆ ಅರ್ಥವಾಗಲಿಲ್ಲ ಎಂದು ನೆಲ ನೋಡುತ್ತ ಹೇಳಿದಳು.

ಸಾಬೀನಾ ಮಗ್ಗದಿಂದ ಏಳಲಿಲ್ಲ.

"ಪುಸ್ತಕ ಇದೆಯಾ ಮೇಡಂ? ಬರ್ಕೊಳ್ಳಿ. ಹನ್ನೆರಡು ಕುರ್ಚಿಗೆ ಹನ್ನೆರಡು ಜನ. ಯಾರು ಯಾರು, ಹೆಸರು ಕಳಿಸಬೇಕು. ಯಾರಿಗೆ ಮೊಮ್ಮಕ್ಕಳಿದಾರೆ, ಯಾರಿಗಿಲ್ಲ, ಅದೂ ಬೇಕು. ಮೊಮ್ಮಕ್ಕಳಿಲ್ಲದವರಿಗೆ ಪಟ್ಟೆ ಕಮ್ಮಿ. ಊರಿಗೆಲ್ಲ ಊಟ ಹಾಕಿದವರಿಗೆ ಬೇರೆ ವಿನ್ಯಾಸ, ಹಾಕದವರಿಗೆ ಬೇರೆ. ಸುಳ್ಳು ಹೇಳಿದರೆ ಅಲ್ಲಿ ಹಿರಿಯರು ಒಳಗೆ ಬಿಡೋದಿಲ್ಲ. ಬರ್ಕೊಂಡ್ರಾ? ಓದಿ."

ಮೇಡಂ ಓದಿದಳು. ಒಂದಕ್ಷರ ಬಿಟ್ಟಿರಲಿಲ್ಲ. ಸಾಬೀನಾ ತಲೆಯಾಡಿಸಿ ಹಿಂದಕ್ಕೆ ಬಾಗಿದಳು. ನೂಲು ಬಿಗಿಯಿತು.

ಬಂಗ್ಗಾಯ್ ಕನ್ನಡಕದ ಮೇಲಿಂದ ನೋಡಿ, ಸುಲಿದ ಗೆಣಸನ್ನು ನೀರಿಗೆ ಹಾಕಿದಳು.

"ಇದನ್ನೂ ಬರ್ಕೊಳಮ್ಮ. ಯಾರಿಗೆ ಅವಸರ ಇದೆಯೋ ಅವರ ಹೆಸರು ಮೊದಲು ಇರಲಿ."